ಬೇಸಿಗೆಯಲ್ಲೂ ರಕ್ತ ಬೇಕು

ಬೇಲೂರಿನಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಅರಸೀಕೆರೆಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಹೆರಿಗೆಯಾಗಿ ರಕ್ತಸ್ರಾವ ನಿಲ್ಲದ ತಾಯಿಗೆ ಇದು ಸಣ್ಣ ದೂರವಲ್ಲ. ಆಕೆ ಆಸ್ಪತ್ರೆ ತಲುಪಿದ ಮೇಲೆ ದಾನಿಯನ್ನು ಹುಡುಕಲು ಹೊರಟರೆ ತಡವಾಗುತ್ತದೆ. ಪರೀಕ್ಷೆ ಮುಗಿದ ರಕ್ತ ಮೊದಲೇ ಅಲ್ಲಿನ ರಕ್ತನಿಧಿಯಲ್ಲಿರಬೇಕು.

ಆದರೆ ರಕ್ತವನ್ನು, ಕಣಜಕ್ಕೆ ರಾಗಿ ತುಂಬಿದಂತೆ, ವರ್ಷಕ್ಕಾಗುವಷ್ಟು ಕೂಡಿಡಲಾಗದು. ಕೆಂಪು ರಕ್ತಕಣಗಳು ಫ್ರಿಜ್‌ನಲ್ಲಿಟ್ಟರೂ 35ರಿಂದ 42 ದಿನ ಮಾತ್ರ ಬಾಳುತ್ತವೆ. ಪ್ಲೇಟ್‌ಲೆಟ್ ಬರೀ 5 ದಿನ. ಅಕ್ಟೋಬರ್ 1ರ ರಕ್ತದಾನ ದಿನದಂದು ನಾವೆಲ್ಲ ಉತ್ಸಾಹದಿಂದ ಕೊಟ್ಟದ್ದು ಏಪ್ರಿಲ್‌ನ ರೋಗಿಗೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳೂ ಕಡಿಮೆ. ಥಲಸ್ಸೀಮಿಯಾ ಇರುವ ಮಗುವಿಗೆ ಮಾತ್ರ ಆಗಲೂ ಎರಡು-ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು.

ಹಣ ಪಡೆದು ರಕ್ತ ಕೊಡುವ ಪದ್ಧತಿಗೆ ಸುಪ್ರೀಂ ಕೋರ್ಟ್ 1996ರ ತೀರ್ಪಿನಲ್ಲಿ ತೆರೆ ಎಳೆಯಿತು. ಅದು ನ್ಯಾಯವಾದ ತೀರ್ಪು. ಅಂದಮೇಲೆ ರೋಗಿಗೆ ಆಸರೆ ನಾವೇ.

18 ತುಂಬಿದ, 45 ಕಿಲೋಗಿಂತ ಹೆಚ್ಚು ತೂಕವಿರುವ ಆರೋಗ್ಯವಂತ ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳೇ, ಬೇಲೂರಿನ ಯುವಕರೇ, ಹಳೇಬೀಡಿನ ಅಕ್ಕತಂಗಿಯರೇ, ಶಿಬಿರಕ್ಕೆ ಕಾಯಬೇಡಿ. ಹಾಸನಕ್ಕೆ ಕೆಲಸದ ಮೇಲೆ ಹೋದಾಗ ರಕ್ತನಿಧಿಗೂ ಹೋಗಿ ಬನ್ನಿ.