ತುಂಬಿದ ಕೊಡ: ತಲೆಯೊಳಗಿನ ಪೊರೆ, ನೀರು, ರಕ್ತ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)

ಶಾಲೆಗೆ ಐವತ್ತು ವರ್ಷ ತುಂಬಿದ ಈ ದಿನ ಹಳೆಯ ನೆನಪು ಹೇಳಬೇಕೆಂದು ಕೇಳಿದ್ದಾರೆ. ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ ಕಲಿಸುವವನು. ಪಾಠ ಬಿಟ್ಟು ಬೇರೆ ಮಾತು ನನಗೆ ಅಷ್ಟಾಗಿ ಬರುವುದಿಲ್ಲ. ಆದ್ದರಿಂದ ಒಂದು ನೆನಪು, ಒಂದು ಪಾಠ ಎರಡನ್ನೂ ಕೂಡಿಸಿ ಹೇಳುತ್ತೇನೆ.

ಇದೇ ಶಾಲೆಯಲ್ಲಿ ನನ್ನ ಪಕ್ಕ ಒಂದೇ ಬೆಂಚಿನಲ್ಲಿ ಕೂತ ಗೆಳೆಯನೊಬ್ಬನಿದ್ದ. ಅವನ ಮನೆಯವರನ್ನು ಕೇಳಿಯೇ ಈ ಮಾತು ಹೇಳುತ್ತಿದ್ದೇನೆ. ನಾವು ಪಿಯುಸಿ ಮುಗಿಸಿದ ವರ್ಷ ಜಾತ್ರೆಯಿಂದ ಬರುವಾಗ ಅವನ ಮೋಟರ್ ಸೈಕಲ್ ಜಾರಿತು. ಕಿವಿಯ ಮೇಲಿನ ಭಾಗ ಕಲ್ಲಿಗೆ ಬಡಿಯಿತು. ಒಂದು ಗಳಿಗೆ ಎಚ್ಚರ ತಪ್ಪಿದ್ದ, ಆಮೇಲೆ ತಾನೇ ಎದ್ದು ಅಂಗಿಯ ಧೂಳು ಕೊಡವಿದ. ಚಹಾ ಕುಡಿದ, ನಮ್ಮ ಜೊತೆ ನಕ್ಕ. ಒಂದು ಹನಿ ರಕ್ತವೂ ಬಂದಿರಲಿಲ್ಲ. ರಾತ್ರಿ "ತಲಿ ಭಾಳ ನೋಯಾಕತ್ತದ" ಎಂದ, ಒಮ್ಮೆ ವಾಂತಿ ಮಾಡಿದ. "ದಣದಾನ, ಮಲಗ್ಲಿ ಬಿಡ್ರಿ" ಎಂದವನು ನಾನೇ. ಬೆಳಿಗ್ಗೆ ಅವನು ಏಳಲಿಲ್ಲ.

ಅವನಿಗೆ ಏನಾಗಿತ್ತೆಂದು ಯಾರೂ ಪರೀಕ್ಷಿಸಿ ನೋಡಲಿಲ್ಲ. ಆದರೆ ಮುಂದೆ ಕಾಲೇಜಿನಲ್ಲಿ ಮೆದುಳಿನ ಪೊರೆಗಳ ಪಾಠ ಬಂದ ದಿನ ನನ್ನ ಕೈ ನಡುಗಿತು. ಅಂದು ಓದಿದ್ದನ್ನು ಇಂದು ನಿಮ್ಮೆದುರು ಹೇಳುತ್ತಿದ್ದೇನೆ.

ಮಕ್ಕಳೇ, ಬಿಸಿಯೂಟದಲ್ಲಿ ನೀವು ತತ್ತಿ ಸುಲಿಯುತ್ತೀರಿ. ಗಟ್ಟಿ ಸಿಪ್ಪೆಯ ಒಳಗೆ ತೆಳ್ಳನೆಯ ಬಿಳಿ ಪೊರೆ ಸಿಗುತ್ತದಲ್ಲವೇ? ನಮ್ಮ ತಲೆಯೂ ಹಾಗೆಯೇ. ಬುರುಡೆಯೇ ಸಿಪ್ಪೆ. ಒಳಗಿನ ಪೊರೆ ಮಾತ್ರ ಒಂದಲ್ಲ, ಮೂರು.

ಮೊದಲನೆಯದು ಡ್ಯೂರಾ ಮೇಟರ್. ತೊಗಲಿನಂತೆ ದಪ್ಪ, ಬುರುಡೆಗೆ ಒಳಗಿನಿಂದ ಅಂಟಿಕೊಂಡಿರುತ್ತದೆ. ಎರಡನೆಯದು ಅರಾಕ್ನಾಯ್ಡ್, ಜೇಡರ ಬಲೆಯಂಥದ್ದು. ಮೂರನೆಯದು ಪಯಾ ಮೇಟರ್. ಅದು ಬಹಳ ತೆಳು. ಮೆದುಳಿನ ಪ್ರತಿ ಮಡಿಕೆಯ ಒಳಗೂ ಇಳಿದು ಅಪ್ಪಿಕೊಂಡಿರುತ್ತದೆ. ಹಸಿ ಮೆದುಳು ಗಿಣ್ಣದಷ್ಟು ಮೆತ್ತಗೆ. ಅದಕ್ಕೇ ಇಷ್ಟು ಕಾವಲು.

ಎರಡನೆಯ ಮತ್ತು ಮೂರನೆಯ ಪೊರೆಗಳ ನಡುವೆ ತಿಳಿನೀರಿನಂಥ ದ್ರವ ಇದೆ. ಸುಮಾರು 1400 ಗ್ರಾಂ ತೂಗುವ ಮೆದುಳು ಈ ದ್ರವದಲ್ಲಿ ತೇಲುವಾಗ 50 ಗ್ರಾಂನಷ್ಟು ಮಾತ್ರ ತೂಗುತ್ತದೆ. ಬಾವಿಯಲ್ಲಿ ಮುಳುಗಿದ ಕೊಡ ನೀರೊಳಗೆ ಹಗುರ, ಮೇಲೆ ಬಂದೊಡನೆ ಭಾರ ಎಂಬುದು ನಮ್ಮ ತಾಯಂದಿರಿಗೆ ಗೊತ್ತು. ತಲೆ ಮತ್ತು ಬೆನ್ನುಹುರಿ ಸೇರಿ ಈ ದ್ರವ ಇರುವುದು ಸುಮಾರು 150 ಮಿಲಿ ಲೀಟರ್. ಆದರೆ ಮೆದುಳಿನ ಒಳಗಿನ ಕೋಣೆಗಳಲ್ಲಿ ದಿನಕ್ಕೆ ಸುಮಾರು 500 ಮಿಲಿ ಲೀಟರ್ ಹೊಸದಾಗಿ ಹುಟ್ಟುತ್ತದೆ, ಹಳೆಯದು ರಕ್ತಕ್ಕೆ ಸೇರಿಹೋಗುತ್ತದೆ. ಹರಿಯುವ ದಾರಿ ಕಟ್ಟಿದರೆ ಕೂಸಿನ ತಲೆ ಊದುತ್ತದೆ, ದೊಡ್ಡವರಲ್ಲಿ ಒತ್ತಡ ಏರುತ್ತದೆ.

ಇನ್ನು ರಕ್ತ. ಕುತ್ತಿಗೆಯ ಮುಂದೆ ಎರಡು, ಹಿಂದೆ ಎರಡು, ಹೀಗೆ ನಾಲ್ಕು ರಕ್ತನಾಳಗಳು ತಲೆಗೆ ಏರಿ ಮೆದುಳಿನ ತಳದಲ್ಲಿ ಒಂದು ಬಳೆಯಂತೆ ಕೂಡುತ್ತವೆ. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದರು. ಇಂದಿಗೂ ಅದಕ್ಕೆ ವಿಲ್ಲಿಸ್ ವೃತ್ತ ಎಂದೇ ಹೆಸರು. ದೇಹದ ತೂಕದಲ್ಲಿ ಮೆದುಳು ನೂರಕ್ಕೆ ಎರಡು ಪಾಲು. ಉಣ್ಣುವುದು ಮಾತ್ರ ಆಮ್ಲಜನಕದ ನೂರಕ್ಕೆ ಇಪ್ಪತ್ತು ಪಾಲು. ಕೂಡಿಡಲು ಅದಕ್ಕೆ ಹಗೇವು ಇಲ್ಲ. ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ, ನಾಲ್ಕೈದು ನಿಮಿಷದಲ್ಲಿ ಜೀವಕೋಶಗಳು ಸಾಯತೊಡಗುತ್ತವೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ದೊಡ್ಡವರ ಬುರುಡೆ ಹಿಗ್ಗುವುದಿಲ್ಲ. ಅದು ಬಾಯಿ ಕಟ್ಟಿದ ತುಂಬಿದ ಕೊಡ. ಒಳಗೆ ಹತ್ತರಲ್ಲಿ ಸುಮಾರು ಎಂಟು ಪಾಲು ಮೆದುಳು, ಒಂದು ಪಾಲು ರಕ್ತ, ಒಂದು ಪಾಲು ನೀರು. ಹೊಸದಾಗಿ ಏನಾದರೂ ಒಳಗೆ ಬಂದರೆ ಮೊದಲು ಸ್ವಲ್ಪ ನೀರು, ಸ್ವಲ್ಪ ರಕ್ತ ಜಾಗ ಬಿಡುತ್ತವೆ. ಅಲ್ಲಿಯವರೆಗೆ ಮನುಷ್ಯ ಮಾತಾಡುತ್ತಾನೆ, ನಗುತ್ತಾನೆ. ಜಾಗ ಮುಗಿದ ಮೇಲೆ ಮೆದುಳೇ ನಜ್ಜಾಗುತ್ತದೆ.

ಕಿವಿಯ ಮೇಲೆ, ಕಣತಲೆಯ ಹತ್ತಿರ ಬುರುಡೆ ಬಹಳ ತೆಳು. ಅದರ ಒಳಮೈಗೆ ತಾಗಿ ಡ್ಯೂರಾ ಪೊರೆಯ ಒಂದು ರಕ್ತನಾಳ ಹೋಗುತ್ತದೆ. ಅಲ್ಲಿ ಎಲುಬು ಸೀಳಿದರೆ ನಾಳ ಹರಿದು, ರಕ್ತ ಮೂಳೆಗೂ ಪೊರೆಗೂ ನಡುವೆ ತುಂಬುತ್ತದೆ. ಅಂಟಿಕೊಂಡ ಪೊರೆಯನ್ನು ಬಿಡಿಸುತ್ತ ತುಂಬಬೇಕಾದ್ದರಿಂದ ಕೆಲವು ಗಂಟೆ ಹಿಡಿಯಬಹುದು. ಆ ಗಂಟೆಗಳಲ್ಲಿ ಆಸ್ಪತ್ರೆ ಮುಟ್ಟಿ, ಶಸ್ತ್ರಚಿಕಿತ್ಸಕರು ರಕ್ತ ತೆಗೆದರೆ ಎಷ್ಟೋ ಜನ ಎದ್ದು ಮನೆಗೆ ನಡೆದು ಬರುತ್ತಾರೆ. ನನ್ನ ಗೆಳೆಯ ಚಹಾ ಕುಡಿದದ್ದು ಬಹುಶಃ ಆ ಗಂಟೆಗಳಲ್ಲಿ.

ಆದ್ದರಿಂದ ತಲೆಗೆ ಪೆಟ್ಟು ಬಿದ್ದವರು ಒಮ್ಮೆ ಎಚ್ಚರ ತಪ್ಪಿದ್ದರೆ, ವಾಂತಿ ಮಾಡಿದರೆ, ತಲೆನೋವು ಏರುತ್ತ ಹೋದರೆ, ಎಬ್ಬಿಸಿದರೂ ತೂಕಡಿಸಿದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಫಿಟ್ಸ್ ಬಂದರೆ "ಮಲಗ್ಲಿ ಬಿಡ್ರಿ" ಎನ್ನಬೇಡಿ. ಮೂಗು ಅಥವಾ ಕಿವಿಯಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ಮೆದುಳಿನ ನೀರಿರಬಹುದು, ಅರಳೆ ತುರುಕಬೇಡಿ. 108ಕ್ಕೆ ಕರೆ ಮಾಡಿ. 2008ರಿಂದ ನಮ್ಮ ರಾಜ್ಯದಲ್ಲಿ ಈ ಸೇವೆ ಇದೆ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಿರಿ.

ಲಕ್ವ ಹೊಡೆದಾಗಲೂ ಕೊಡದ ಲೆಕ್ಕ ಬೇರೆ, ಗಡಿಯಾರದ ಲೆಕ್ಕ ಒಂದೇ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲು ಬಾರದಿದ್ದರೆ, ಮಾತು ತೊದಲಿದರೆ ಎಷ್ಟು ಗಂಟೆಗೆ ಶುರುವಾಯಿತು ಎಂದು ನೋಡಿಕೊಳ್ಳಿ. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಣ್ಣೆ ತಿಕ್ಕಿಸಲು ಹೋದರೆ ಆ ಹೊತ್ತು ಮುಗಿದುಹೋಗುತ್ತದೆ. ಬಾಯಿಗೆ ನೀರು, ಗುಳಿಗೆ ಹಾಕಬೇಡಿ. ಉಸಿರಿನ ದಾರಿಗೆ ಇಳಿದೀತು.

ಇನ್ನೊಂದು ಭಯ ಬಿಡಿಸಬೇಕು. ಜ್ವರ, ತಲೆನೋವು, ವಾಂತಿ, ಕುತ್ತಿಗೆ ಸೆಟೆತ ಇದ್ದರೆ ಪೊರೆಗಳಿಗೇ ಸೋಂಕು ತಗಲಿರಬಹುದು. ಕೂಸಿನಲ್ಲಿ ನೆತ್ತಿ ಉಬ್ಬಬಹುದು. ಕ್ಷಯದಿಂದ ಬಂದರೆ ವಾರಗಟ್ಟಲೆ ಮೆಲ್ಲಗೆ ಏರುತ್ತದೆ. ಆಗ ವೈದ್ಯರು ಬೆನ್ನಿನಿಂದ ನೀರು ತೆಗೆಯಬೇಕು ಎನ್ನುತ್ತಾರೆ. "ಬೆನ್ನಾಗಿನ ನೀರು ತಗದ್ರ ಕಾಲು ಹೋಗ್ತಾವ" ಎಂದು ರೋಗಿಯನ್ನು ಎಬ್ಬಿಸಿಕೊಂಡು ಮನೆಗೆ ಬಂದವರನ್ನು ನಾನು ಕಂಡಿದ್ದೇನೆ. ಕೇಳಿ: ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಎರಡು ಎಲುಬುಗಳ ಹತ್ತಿರವೇ ಮುಗಿಯುತ್ತದೆ. ಸೂಜಿ ಚುಚ್ಚುವುದು ಅದಕ್ಕಿಂತ ಕೆಳಗೆ, ಬರೀ ನೀರು ಮತ್ತು ನರದ ಎಳೆಗಳು ಇರುವ ಕಡೆ. ತೆಗೆದ ನೀರನ್ನು ದೇಹ ಕೆಲವೇ ಗಂಟೆಗಳಲ್ಲಿ ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವು ಬರಬಹುದು. ಕಾಲು ಹೋಗುವುದು, ಜೀವ ಹೋಗುವುದು ಚಿಕಿತ್ಸೆ ಸಿಗದ ರೋಗದಿಂದ. ಕ್ಷಯದ ಔಷಧಿ ಸರ್ಕಾರದಿಂದ ಉಚಿತ. ಕೂಸು ಹುಟ್ಟಿದೊಡನೆ ಹಾಕುವ ಬಿಸಿಜಿ ಲಸಿಕೆ ಮಕ್ಕಳನ್ನು ಮುಖ್ಯವಾಗಿ ಇಂಥ ಕ್ಷಯದಿಂದಲೇ ಕಾಪಾಡುತ್ತದೆ.

ಗುರುಗಳಲ್ಲಿ ಒಂದು ವಿನಂತಿ. ಬೆಂಗಳೂರಿಗೆ ಶೈಕ್ಷಣಿಕ ಪ್ರವಾಸ ಹೋದಾಗ ಮೊದಲೇ ವಿಚಾರಿಸಿಕೊಂಡು ಮಕ್ಕಳನ್ನು ನಿಮ್ಹಾನ್ಸ್‌ನ ಮೆದುಳಿನ ವಸ್ತುಸಂಗ್ರಹಾಲಯಕ್ಕೂ ಕರೆದುಕೊಂಡು ಹೋಗಿ. 1974ರಲ್ಲಿ ರೂಪುಗೊಂಡ ಆ ಸಂಸ್ಥೆ, ದುಃಖದ ಹೊತ್ತಿನಲ್ಲೂ ಕುಟುಂಬದವರು ಒಪ್ಪಿ ಕೊಟ್ಟ ಮೆದುಳುಗಳನ್ನು ಕಾಪಾಡಿಕೊಂಡು ಬಂದಿದೆ. ಪೆಟ್ಟು, ಲಕ್ವ, ಸೋಂಕು ಮೆದುಳನ್ನು ಏನು ಮಾಡುತ್ತವೆಂದು ಅಲ್ಲಿ ಕಣ್ಣಾರೆ ನೋಡಬಹುದು.

ಈಗ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ನಮ್ಮ ಹುಡುಗರು ದಿನಾ ಬೈಕಿನಲ್ಲಿ ಹೋಗುತ್ತಾರೆ. ತಮ್ಮಂದಿರೇ, ಪ್ರಕೃತಿ ಮೂರು ಪೊರೆ, ಒಂದು ನೀರಿನ ಹಾಸಿಗೆ, ಒಂದು ಬುರುಡೆ ಕೊಟ್ಟಿದೆ. ಅದು ನಡೆದು ಹೋಗುವವನಿಗೆ ಸಾಕು, ಬೈಕಿನ ಓಟಕ್ಕೆ ಸಾಲದು. ಹೆಲ್ಮೆಟ್ಟನ್ನು ಪೆಟ್ರೋಲ್ ಟ್ಯಾಂಕಿನ ಮೇಲಿಡಬೇಡಿ, ತಲೆಗೆ ಹಾಕಿ ಪಟ್ಟಿ ಬಿಗಿಯಿರಿ.

ನನ್ನ ಬೆಂಚಿನ ಗೆಳೆಯ ಇದ್ದಿದ್ದರೆ ಇಂದು ಈ ಪೆಂಡಾಲಿನ ಕಂಬ ನೆಡುತ್ತಿದ್ದ. ಅಂಥ ಕೆಲಸದಲ್ಲಿ ಅವನೇ ಮುಂದು. ಅವನಿಗಾಗಿ ಈ ಪಾಠ ನಾನು ತಡವಾಗಿ ಕಲಿತೆ. ನೀವು ಇಂದೇ ಮನೆಗೆ ಒಯ್ಯಿರಿ, ರಾತ್ರಿ ಊಟದ ಹೊತ್ತಿಗೆ ಮನೆಯವರಿಗೂ ಹೇಳಿ.