ಎಳೆಯ ವಯಸ್ಸು, ದೊಡ್ಡ ಪದವಿ
(ಮಂಡ್ಯದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಮದ್ದೂರಿನ ಎಳನೀರು ವ್ಯಾಪಾರಿಯೊಬ್ಬರು ನಮ್ಮ ಮನೆಗೆ ಬಂದಿದ್ದರು. ನಾಲ್ಕನೆಯ ತರಗತಿಯಲ್ಲಿರುವ ಅವರ ಮಗಳು ಅಕ್ಕನ ಏಳನೆಯ ತರಗತಿಯ ಲೆಕ್ಕಗಳನ್ನು ಬಿಡಿಸುತ್ತಾಳೆ. "ಮೇಷ್ಟ್ರೇ, ಇವಳನ್ನು ಮುಂದಿನ ವರ್ಷ ನೇರವಾಗಿ ಏಳಕ್ಕೆ ಕೂರಿಸಲು ದಾರಿ ಇದೆಯೇ? 19ಕ್ಕೇ ಡಿಗ್ರಿ ಮುಗಿಯುತ್ತದೆ" ಎಂದು ಕೇಳಿದರು.

ನನಗೆ ಮೊದಲು ನೆನಪಾದವರು ನಮ್ಮ ಸಿ.ಎನ್.ಆರ್. ರಾವ್. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಮೊದಲ ಪಾಠಗಳನ್ನು ಮನೆಯಲ್ಲೇ ತಾಯಿಯಿಂದ ಕಲಿತು, 6ನೆಯ ವಯಸ್ಸಿಗೆ ಮಿಡ್ಲ್ ಸ್ಕೂಲು ಸೇರಿದರು. 1951ರಲ್ಲಿ, 17ರ ಹರೆಯದಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪಡೆದರು. 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ.; ಅದಕ್ಕೆ ಹಿಡಿದದ್ದು ಎರಡು ವರ್ಷ ಒಂಬತ್ತು ತಿಂಗಳು. ತರಗತಿಯಲ್ಲಿ ಹೆಚ್ಚಿನವರಿಗಿಂತ ಚಿಕ್ಕವರಾಗಿದ್ದರೂ ಅವರಿಗೇ ಗಣಿತ, ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಅಂದರೆ, ಜೊತೆಯವರಿಂದ ದೂರವಾಗಿರಲಿಲ್ಲ.

ಇನ್ನೊಬ್ಬರು ಪಾಟ್ನಾದ ತಥಾಗತ್ ಅವತಾರ್ ತುಳಸಿ. 1987ರಲ್ಲಿ ಹುಟ್ಟಿದವರು 10ಕ್ಕೆ ಬಿ.ಎಸ್ಸಿ., 12ಕ್ಕೆ ಎಂ.ಎಸ್ಸಿ. ಮುಗಿಸಿ ದೇಶವನ್ನೇ ಬೆರಗುಗೊಳಿಸಿದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಪಿಎಚ್.ಡಿ. ಕೈಸೇರಿದ್ದು 2009ರಲ್ಲಿ. ವಿಷಯ, ಕ್ವಾಂಟಂ ಹುಡುಕಾಟ: ಕ್ರಮವಿಲ್ಲದ ದೊಡ್ಡ ರಾಶಿಯಲ್ಲಿ ಬೇಕಾದ ಒಂದನ್ನು ಕಡಿಮೆ ಹೆಜ್ಜೆಗಳಲ್ಲಿ ಪತ್ತೆಹಚ್ಚುವ ವಿಧಾನ. ಪರೀಕ್ಷೆಗಳನ್ನು ಓಡಿ ದಾಟಿದ ಹುಡುಗನಿಗೂ ಸಂಶೋಧನೆ ತನ್ನ ಕಾಲವನ್ನು ಕೇಳಿಯೇ ತೀರಿತು. 2010ರಲ್ಲಿ ಮುಂಬಯಿಯ ಐ.ಐ.ಟಿ.ಯಲ್ಲಿ ಅಧ್ಯಾಪಕರಾದರು. ಅನಾರೋಗ್ಯದಿಂದ ದೀರ್ಘ ರಜೆಯಲ್ಲಿದ್ದು, 2019ರಲ್ಲಿ ಆ ಕೆಲಸವೂ ಹೋಯಿತು. ಬಾಲ್ಯದಲ್ಲಿ ಅವರನ್ನು ಹೊತ್ತು ಮೆರೆಸಿದ ಪತ್ರಿಕೆಗಳು ಆಗಲೂ ಬರೆದವು, ಬೇರೆ ದನಿಯಲ್ಲಿ.

ನನ್ನದು ಇವರ ಮುಂದೆ ಹೇಳುವಂಥ ಕಥೆಯಲ್ಲ. ಮಳವಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ಅಬ್ಬಾ ನನ್ನ ವಯಸ್ಸನ್ನು ಎರಡು ವರ್ಷ ಹೆಚ್ಚಿಸಿ ಶಾಲೆಗೆ ಸೇರಿಸಿದ್ದರು. ನಮ್ಮ ಕಡೆ ಆಗ ಅದು ಮಾಮೂಲು. 13ಕ್ಕೆ ಎಸ್ಸೆಸ್ಸೆಲ್ಸಿ ಪಾಸಾದೆ. ಕಾಲೇಜಿನಲ್ಲಿ ಎಲ್ಲರೂ ನನ್ನನ್ನು 'ಮರಿ' ಎನ್ನುತ್ತಿದ್ದರು. ಪಾಠ ಅರ್ಥವಾಗುತ್ತಿತ್ತು, ಅರ್ಥವಾಗದ ದಿನ ಕೇಳಲು ಗೆಳೆಯನೊಬ್ಬ ಇರಲಿಲ್ಲ. ನಿವೃತ್ತಿಯೂ ಹಾಗೆಯೇ: ಸರ್ಕಾರದ ಲೆಕ್ಕದಲ್ಲಿ 60ಕ್ಕೆ, ಅಮ್ಮಿಯ ಲೆಕ್ಕದಲ್ಲಿ 58ಕ್ಕೆ!

ಇದನ್ನೆಲ್ಲ ಹೇಳಿ, "ಇಷ್ಟು ಅವಸರ ಏಕೆ?" ಎಂದು ಆ ತಂದೆಯನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "18 ತುಂಬಿದರೆ ಸಂಬಂಧ ಕೇಳಿಕೊಂಡು ಬರುತ್ತಾರೆ ಮೇಷ್ಟ್ರೇ. ಮನೆಯವರ ಬಾಯಿ ಎಷ್ಟು ದಿನ ಕಟ್ಟಲಿ? ಅಷ್ಟರಲ್ಲಿ ಡಿಗ್ರಿ ಹತ್ತಿರ ಬಂದಿರಲಿ ಅಂತ" ಎಂದರು.

ನನಗೆ ತಟ್ಟನೆ ಮಾತು ಹೊರಡಲಿಲ್ಲ. ಅವರು ಮೆರೆಯಲು ಬಂದವರಲ್ಲ, ಮಗಳನ್ನು ಓದಿಸಲು ಕಳ್ಳದಾರಿ ಹುಡುಕುತ್ತಿದ್ದವರು. ಬಂಧುಗಳೇ, ಆ ಹುಡುಗಿ ಉಳಿಸಬೇಕೆಂದಿರುವ ಎರಡು ವರ್ಷಗಳು ಶಾಲೆಯ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿವೆ. ಮದುವೆಯ ಮಾತನ್ನು ನಾವು ಮುಂದೂಡಿದರೆ ಅವಳು ತನ್ನ ಗೆಳತಿಯರ ಜೊತೆಯಲ್ಲೇ ಓದಿ, 21ಕ್ಕೆ ಡಿಗ್ರಿ, 23ಕ್ಕೆ ಎಂ.ಎಸ್ಸಿ. ಮುಗಿಸಬಹುದು. ಲೆಕ್ಕದಲ್ಲಿ ಎಷ್ಟು ಮುಂದೆ ಹೋಗುತ್ತಾಳೋ ಹೋಗಲಿ, ಸಂಜೆ ನಾನು ಹೇಳಿಕೊಡುತ್ತೇನೆ ಎಂದೆ.

"ಮನೆಯಲ್ಲಿ ಮಾತಾಡಿ ಹೇಳುತ್ತೇನೆ" ಎಂದು ಹೋದವರು ಇನ್ನೂ ಹೇಳಿಲ್ಲ. ಹುಡುಗಿ ಮಾತ್ರ ಮರುದಿನದಿಂದಲೇ ಪುಸ್ತಕ ಹಿಡಿದು ಬರುತ್ತಿದ್ದಾಳೆ.