ಕೈಗೊಂದು ಕಾಗದ, ಬಾಗಿಲಿಗೊಂದು ಕಾಗದ

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣ)



ಕಳೆದ ಸಭೆಯಲ್ಲಿ ಉಳಿತಾಯ, ಸಾಲ ಮರುಪಾವತಿಯ ಲೆಕ್ಕ ಮುಗಿದ ಮೇಲೆ ಒಬ್ಬ ಸದಸ್ಯೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಅವರು ಇಪ್ಪತ್ತು ವರ್ಷಗಳಿಂದ ಮನೆ ಮನೆಗೆ ಹೋಗಿ ಬಾಣಂತಿಯರಿಗೆ, ಹಸುಗೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವವರು. ಮಗಳು ಬ್ಯೂಟಿ ಪಾರ್ಲರ್ ಕೆಲಸ ಕಲಿತಿದ್ದಾಳೆ. ತಾಯಿ ಮಗಳು ಸೇರಿ ಪೇಟೆಯಲ್ಲಿ ಒಂದು ಕೋಣೆ ಹಿಡಿದು ಪಾರ್ಲರ್, ಜೊತೆಗೆ ಹೆಂಗಸರಿಗೆ ಮಸಾಜ್ ಶುರು ಮಾಡಬೇಕೆಂದಿದ್ದಾರೆ. ಆದರೆ 'ಮಸಾಜ್' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೋಣೆಯ ಯಜಮಾನರು ಮುಖ ತಿರುಗಿಸಿದರಂತೆ. "ನಾವೇನು ಕಳ್ಳ ಕೆಲಸ ಮಾಡ್ತೇವಾ? ಇದಕ್ಕೆ ಲೈಸೆನ್ಸ್ ಅಂತ ಏನಾದ್ರೂ ಉಂಟಾ?" ಎಂದು ಅವರು ಕೇಳಿದಾಗ ಸಭೆಯಲ್ಲಿ ಯಾರೂ ಉತ್ತರ ಹೇಳಲಿಲ್ಲ. ನಮಗೂ ಗೊತ್ತಿರಲಿಲ್ಲ. ಈ ಒಂದು ತಿಂಗಳು ವಿಚಾರಿಸಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇವೆ.

ಈ ಕೆಲಸಕ್ಕೆ ತುಂಬ ಹಿಂದಿನಿಂದ ಕಾನೂನು ಮಾಡಿಕೊಂಡು ಬಂದ ದೇಶ ಅಮೆರಿಕ. ಅಲ್ಲಿ ದೇಶಕ್ಕೆಲ್ಲ ಒಂದೇ ಕಾನೂನು ಇಲ್ಲ, ಒಂದೊಂದು ರಾಜ್ಯಕ್ಕೆ ಒಂದೊಂದು. ನ್ಯೂಯಾರ್ಕ್ ರಾಜ್ಯದಲ್ಲಿ ಮಸಾಜ್ ಮಾಡಬೇಕಾದರೆ 1000 ಗಂಟೆ ಕಲಿತು ಪರೀಕ್ಷೆ ಪಾಸಾಗಬೇಕು. ಟೆಕ್ಸಾಸ್, ಫ್ಲೋರಿಡಾಗಳಲ್ಲಿ 500 ಗಂಟೆ. ಕಾನ್ಸಾಸ್‌ನಂಥ ಕೆಲವು ರಾಜ್ಯಗಳಲ್ಲಿ ರಾಜ್ಯದ ಲೈಸೆನ್ಸೇ ಇಲ್ಲ. ಟೆಕ್ಸಾಸ್, ಫ್ಲೋರಿಡಾಗಳಲ್ಲಿ ಕೆಲಸ ಮಾಡುವವರಿಗೆ ಒಂದು ಲೈಸೆನ್ಸ್, ಅಂಗಡಿಗೆ ಇನ್ನೊಂದು ಲೈಸೆನ್ಸ್. ಅಂದರೆ ಕೈಗೊಂದು ಕಾಗದ, ಬಾಗಿಲಿಗೊಂದು ಕಾಗದ.

ಫ್ಲೋರಿಡಾದ ಕಾನೂನಿನಲ್ಲಿ ಇನ್ನೆರಡು ಮಾತುಗಳಿವೆ. ಮಧ್ಯರಾತ್ರಿಯಿಂದ ಬೆಳಗಿನ 5 ಗಂಟೆಯವರೆಗೆ ಸಾಮಾನ್ಯವಾಗಿ ಮಸಾಜ್ ಅಂಗಡಿ ತೆರೆದಿರುವಂತಿಲ್ಲ. ವ್ಯಾಪಾರದ ಜಾಗದಲ್ಲಿರುವ ಅಂಗಡಿಯನ್ನು ಯಾರೂ ವಾಸದ ಮನೆ ಮಾಡಿಕೊಳ್ಳುವಂತಿಲ್ಲ. ಇದು ಯಾಕೆ? ಹುಡುಗಿಯರನ್ನು ಕೆಲಸದ ಜಾಗದಲ್ಲೇ ಮಲಗಿಸಿ, ಹೊರಗೆ ಬಿಡದೆ ಇಟ್ಟುಕೊಂಡರೆ ಅದು ಉದ್ಯೋಗ ಅಲ್ಲ, ಸೆರೆ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ, ಮತ್ತೆ ಇದಕ್ಕೇ ಬರುತ್ತೇವೆ.

ಈಗ ನಮ್ಮ ಊರಿನ ವಿಷಯ. ನಮ್ಮ ದೇಶದಲ್ಲಿ ಮಸಾಜ್ ಮಾಡುವವರಿಗೆಂದೇ ದೇಶಕ್ಕೆಲ್ಲ ಲೈಸೆನ್ಸ್ ಕೊಡುವ ಮಂಡಳಿ ಇಲ್ಲ. ಕೈಯ ಕಾಗದವನ್ನು ಸರಕಾರ ಕಡ್ಡಾಯ ಮಾಡಿಲ್ಲ. ಬಾಗಿಲ ಕಾಗದ ಮಾತ್ರ ಬೇಕೇ ಬೇಕು.

ಮೊದಲನೆಯದು, ಉದ್ದಿಮೆ ಪರವಾನಗಿ, ಅಂದರೆ ನಾವು ಟ್ರೇಡ್ ಲೈಸೆನ್ಸ್ ಅನ್ನುವುದು. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯತಿ, ಪೇಟೆಯಲ್ಲಾದರೆ ಪಟ್ಟಣ ಪಂಚಾಯತಿ, ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆಗೆ ಅರ್ಜಿ ಹಾಕಬೇಕು. ಗುರುತಿನ ಚೀಟಿ, ಫೋಟೋ, ಬಾಡಿಗೆ ಕರಾರು ಪತ್ರ, ಕಟ್ಟಡದ ತೆರಿಗೆ ರಸೀದಿ ಮೊದಲೇ ಜೋಡಿಸಿಟ್ಟುಕೊಳ್ಳಿ. ಅರ್ಜಿಯಲ್ಲಿ ಮಾಡುವ ಕೆಲಸವನ್ನು ಇದ್ದ ಹಾಗೆ ಬರೆಯಿರಿ. ಬರೀ 'ಬ್ಯೂಟಿ ಪಾರ್ಲರ್' ಎಂದು ಬರೆದು ಒಳಗೆ ಮಸಾಜ್ ಮಾಡಿದರೆ ನಾಳೆ ಯಾರಾದರೂ ದೂರು ಕೊಟ್ಟಾಗ ಆ ಕಾಗದ ನಮ್ಮನ್ನು ಕಾಯುವುದಿಲ್ಲ. ಅವಧಿ ಮುಗಿಯುವ ಮೊದಲೇ ನವೀಕರಣ ಮಾಡಿಸುವುದನ್ನೂ ಮರೆಯಬೇಡಿ.

ಎರಡನೆಯದು, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ. ಕೆಲಸ ಶುರುವಾದ 30 ದಿನಗಳೊಳಗೆ ಮಾಡಿಸಬೇಕು. ಕೆಲಸಕ್ಕೆ ಇಟ್ಟುಕೊಂಡ ಹುಡುಗಿಗೆ ವಾರಕ್ಕೊಂದು ರಜೆ ಕೊಡಬೇಕೆಂದು ಹೇಳುವುದೂ ಇದೇ ಕಾಯ್ದೆ.

ಮೂರನೆಯದು, ಉದ್ಯಮ್ ನೋಂದಣಿ. ಇದು 2020ರ ಜುಲೈಯಿಂದ ಬಂದದ್ದು. ಇದಕ್ಕೆ ಆಧಾರ್ ಬೇಕು, ಸರಕಾರಕ್ಕೆ ಒಂದು ಪೈಸೆಯೂ ಕಟ್ಟಬೇಕಿಲ್ಲ. ಬ್ಯಾಂಕಿನಲ್ಲಿ ಸಾಲ ಕೇಳುವಾಗ ಇದು ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಬೋರ್ಡಿನಲ್ಲಿ 'ಸೊಂಟನೋವು ಗುಣಪಡಿಸುತ್ತೇವೆ', 'ಪಾರ್ಶ್ವವಾಯುವಿಗೆ ಚಿಕಿತ್ಸೆ' ಎಂದೆಲ್ಲ ಬರೆಸಬೇಡಿ. ಚಿಕಿತ್ಸೆ ಎಂದ ಕೂಡಲೇ ವಿಷಯ ಬೇರೆಯಾಗುತ್ತದೆ. ಕ್ಲಿನಿಕ್, ಫಿಸಿಯೋಥೆರಪಿ ಕೇಂದ್ರಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ನೋಂದಣಿ ಮಾಡಿಸಬೇಕು, ಅಲ್ಲಿ ಅರ್ಹತೆ ಪಡೆದವರೇ ಇರಬೇಕು. ನಾವು ಎಣ್ಣೆ ಹಚ್ಚುತ್ತೇವೆ, ಆಯಾಸ ಇಳಿಸುತ್ತೇವೆ, ಅಷ್ಟೆ. ಜ್ವರ, ಬಾವು, ಹೊಸ ಗಾಯ ಇದ್ದವರನ್ನು, ಹೊಲಿಗೆ ಹಸಿಯಿರುವ ಬಾಣಂತಿಯನ್ನು ಮುಟ್ಟುವ ಮೊದಲು 'ಡಾಕ್ಟರನ್ನು ಕೇಳಿಕೊಂಡು ಬನ್ನಿ' ಎನ್ನಬೇಕು. ಹಾಗೆ ಹೇಳಿದರೆ ನಮ್ಮ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಾಗಾದರೆ ಕೈಯ ಕಾಗದ ಬೇಡವೇ? ಕಡ್ಡಾಯ ಇಲ್ಲದಿದ್ದರೂ ಬೇಕು ಎಂದೇ ನಮ್ಮ ಅಭಿಪ್ರಾಯ. ಇಪ್ಪತ್ತು ವರ್ಷ ಕೆಲಸ ಮಾಡಿದ ಕೈಗೆ ಯಾವ ಸರ್ಟಿಫಿಕೇಟೂ ಇಲ್ಲ, ಹಾಗಾಗಿ ಕೊಟ್ಟಷ್ಟು ತೆಗೆದುಕೊಂಡು ಬರಬೇಕಾಗಿದೆ. ಮೊದಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್.ಪಿ.ಎಲ್. ಎಂಬ ವ್ಯವಸ್ಥೆಯನ್ನು ಕೌಶಲ್ಯ ತರಬೇತಿ ಯೋಜನೆಯಲ್ಲಿ ತಂದಿದ್ದಾರೆ. ಹತ್ತಿರದ ತರಬೇತಿ ಕೇಂದ್ರದಲ್ಲಿ ಈ ಕೆಲಸಕ್ಕೆ ಅದು ಸಿಗುತ್ತದೆಯೇ ಎಂದು ವಿಚಾರಿಸಿ. ಹೆಣ್ಣುಮಕ್ಕಳಿಗೆ ಬ್ಯೂಟಿ ಪಾರ್ಲರ್ ತರಬೇತಿ ಬೇಕಿದ್ದರೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಇದೆ, ಅದೇ ಮಾದರಿಯ ಸಂಸ್ಥೆಗಳು ಜಿಲ್ಲೆಗಳಲ್ಲಿ ಇವೆ. ತರಬೇತಿ, ಊಟ, ವಸತಿ ಎಲ್ಲ ಉಚಿತ.

ಇನ್ನು ಮನಸ್ಸಿಗೆ ಭಾರವಾದ ವಿಷಯ. ನಮ್ಮ ಸಂಘಗಳ ಮನೆಗಳಿಂದ ಹುಡುಗಿಯರು ದೊಡ್ಡ ಊರುಗಳ ಸ್ಪಾಗಳಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ. ಒಳ್ಳೆಯ ಕಡೆ ದುಡಿದು ಮನೆ ನಡೆಸುವವರೂ ಇದ್ದಾರೆ, ಅವರನ್ನು ಕೀಳಾಗಿ ನೋಡುವುದು ತಪ್ಪು. ಆದರೆ ಏಜೆಂಟ್ ಬಂದು 'ಊಟ, ವಸತಿ ಅಲ್ಲೇ, ಕೈತುಂಬ ಸಂಬಳ' ಎಂದಾಗ ಅಮ್ಮಂದಿರು ನಾಲ್ಕು ಪ್ರಶ್ನೆ ಕೇಳಬೇಕು. ಅಂಗಡಿಯ ಪರವಾನಗಿಯ ಪ್ರತಿ ತೋರಿಸ್ತೀರಾ? ನೇಮಕಾತಿ ಪತ್ರ ಕೊಡ್ತೀರಾ? ಹುಡುಗಿ ಮಲಗುವುದು ಎಲ್ಲಿ, ಅಂಗಡಿಯಲ್ಲಾ, ಬೇರೆ ಕಡೆಯಾ? ಆಧಾರ್ ಕಾರ್ಡು, ಫೋನು ಅವಳ ಕೈಯಲ್ಲೇ ಇರ್ತದಾ? ಇದರಲ್ಲಿ ಒಂದಕ್ಕಾದರೂ ಸರಿಯಾದ ಉತ್ತರ ಬರದಿದ್ದರೆ ಕಳಿಸಬೇಡಿ. ಆಗ ಹೇಳಿದ ಫ್ಲೋರಿಡಾದ ಕಾನೂನು ನೆನಪಾಯಿತಲ್ಲವೇ?

ಒಂದು ವೇಳೆ ಕೆಲಸದ ಜಾಗಕ್ಕೆ ಪೊಲೀಸರು ಬಂದರೆ ಹೆದರಿ ಓಡಬಾರದು. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಪ್ರಕಾರ ವಾರಂಟ್ ಇಲ್ಲದೆ ಶೋಧನೆಗೆ ಬರುವ ಅಧಿಕಾರಿಯ ಜೊತೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಇರಬೇಕು. ಅಲ್ಲಿಂದ ಕರೆದೊಯ್ದ ಹೆಣ್ಣುಮಗಳನ್ನು ಮಹಿಳಾ ಅಧಿಕಾರಿಯೇ ವಿಚಾರಿಸಬೇಕು. ಅವರಿಲ್ಲದಿದ್ದರೆ ಮಾನ್ಯತೆ ಪಡೆದ ಸೇವಾ ಸಂಸ್ಥೆಯ ಮಹಿಳಾ ಸದಸ್ಯೆಯ ಎದುರಿನಲ್ಲಿ ಮಾತ್ರ. ಯಜಮಾನನೋ ಗಿರಾಕಿಯೋ ಮೈಮೇಲೆ ಕೈಹಾಕಿದರೆ 2013ರ ಕಾಯ್ದೆಯಂತೆ ದೂರು ಕೊಡಬಹುದು. ಹತ್ತಕ್ಕಿಂತ ಕಡಿಮೆ ಜನ ಇರುವ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಇವನ್ನು ಸಂಘದ ನಿರ್ಣಯ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಸಹೋದರಿಯರೇ, ಕಳೆದ ಬಾರಿ ಪ್ರಶ್ನೆ ಕೇಳಿದ ಅಕ್ಕ ಇಂದೂ ಇಲ್ಲಿ ಕುಳಿತಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೆ: ಅಕ್ಕ, ನೀವು ಮಾಡುವುದು ಕಳ್ಳ ಕೆಲಸ ಅಲ್ಲ. ಕಾಗದ ಇಲ್ಲದ್ದರಿಂದ ಅದನ್ನು ಕಳ್ಳ ಕೆಲಸದ ಹಾಗೆ ನೋಡಲು ಜನರಿಗೆ ಸುಲಭವಾಗಿದೆ. ಪರವಾನಗಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ. ಕೋಣೆಯ ಯಜಮಾನರ ಹತ್ತಿರ ಮುಂದಿನ ಸಲ ಒಬ್ಬರೇ ಹೋಗಬೇಡಿ, ಸಂಘದ ಇಬ್ಬರು ಪ್ರತಿನಿಧಿಗಳು ನಿಮ್ಮ ಜೊತೆ ಬರಲಿ. ಪಂಚಾಯತಿಗೆ, ಪುರಸಭೆಗೆ ಅರ್ಜಿ ತುಂಬಿಸುವುದಕ್ಕೆ ನಮ್ಮ ಕಾರ್ಯಕರ್ತೆಯರು ಇದ್ದಾರೆ.

ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳುತ್ತಾರೆ. ನಿಮ್ಮ ಕೈಗೆ ಹತ್ತಿರುವುದು ಎಣ್ಣೆ. ಎಷ್ಟೋ ಬಾಣಂತಿಯರ ಸೊಂಟ ಗಟ್ಟಿಮಾಡಿದ, ಎಷ್ಟೋ ಕೂಸುಗಳನ್ನು ಮೀಯಿಸಿ ಮಲಗಿಸಿದ ಕೈ ಅದು. ಆ ಕೈಯ ಮರ್ಯಾದೆ ಉಳಿಯಲಿ.